ಹತ್ತೊಂಬತ್ತು ಎಂದು ನಾನೇ ಬರೆದದ್ದು

ಮೂವತ್ತು ವರ್ಷ ಕಲಘಟಗಿ ತಾಲೂಕಿನ ಹಳ್ಳಿಗಳಲ್ಲಿ ನರ್ಸ್ ಆಗಿದ್ದೆ. ನಿವೃತ್ತಿಯಾದ ಮರುವರ್ಷ ಒಂದು ಸಂಶೋಧನಾ ತಂಡದವರು ಬಂದು, ಹಳೆಯ ರಜಿಸ್ಟರುಗಳ ಕೈಬರಹ ಓದಲು ನೀವು ಬೇಕು ಎಂದರು. ಚಿಕ್ಕ ವಯಸ್ಸಿನಲ್ಲಿ ತಾಯಿಯಾದವರ ಮಕ್ಕಳು ಮುಂದೆ ಹೇಗೆ ಬೆಳೆದರು ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಮೊದಲು ಹೆರಿಗೆ ರಜಿಸ್ಟರನ್ನೂ ಆ ತಾಯಂದಿರೇ ಕಲಿತ ಶಾಲೆಯ ದಾಖಲಾತಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲಿಯೂ ಇರುವವಳು ಒಬ್ಬಳೇ ಹೌದೋ ಅಲ್ಲವೋ ನೋಡಬೇಕಿತ್ತು. ಸುಲಭದವನ್ನು ಕಂಪ್ಯೂಟರೇ ಜೋಡಿಸುತ್ತಿತ್ತು. ಅನುಮಾನದವು ನನ್ನ ಮುಂದೆ ಬರುತ್ತಿದ್ದವು. ‘ಒಬ್ಬರೇ’ ಅಥವಾ ‘ಬೇರೆ’ ಎಂದು ಒತ್ತಬೇಕು, ಅಷ್ಟೇ. ಆಮೇಲೆ ಹೆಸರು ಅಳಿಸಿ ಬರೀ ನಂಬರು ಉಳಿಸುತ್ತಿದ್ದರು. ಅಲ್ಲಿ ಕಂಡದ್ದನ್ನು ಹೊರಗೆ ಆಡುವುದಿಲ್ಲ ಎಂದು ನಾನು ಸಹಿ ಹಾಕಿಕೊಟ್ಟಿದ್ದೆ.

ಮೂರನೆಯ ವಾರ ಒಂದು ಜೋಡಿ ಬಂತು. ಹುಡುಗಿಯ ಹೆಸರು, ತಂದೆಯ ಹೆಸರು, ಊರು ಎಲ್ಲಾ ಒಂದೇ. ಶಾಲೆಯ ಲೆಕ್ಕದಂತೆ ಹೆರಿಗೆಯ ಹೊತ್ತಿಗೆ ಅವಳಿಗೆ ಹದಿನಾರು; ಹೆರಿಗೆ ರಜಿಸ್ಟರಿನಲ್ಲಿ ಹತ್ತೊಂಬತ್ತು. ಆ ಹತ್ತೊಂಬತ್ತು ನನ್ನ ಕೈಬರಹ.

ನೋಡಿದ ಕೂಡಲೇ ನೆನಪಾಯಿತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳ ತಾಯಿ ನನ್ನ ಕೈ ಹಿಡಿದುಕೊಂಡು, “ಖರೇ ವಯಸ್ಸು ಬರದ್ರ ಕೇಸ್ ಆಕ್ಕೈತ್ರಿ ಅಕ್ಕಾರ. ಬರಿಯೂದಾದ್ರ ದವಾಖಾನಿನ ಬ್ಯಾಡ್ರಿ, ಮನ್ಯಾಗ ಹಡಸ್ತೇವ್ರಿ” ಎಂದಿದ್ದಳು. ರಕ್ತ ಕಡಿಮೆ ಇದ್ದ ಹುಡುಗಿ. ಮನೆಯಲ್ಲಿ ಹಡೆದರೆ ಉಳಿಯುವುದು ಕಷ್ಟವಿತ್ತು. ಬರೆದುಬಿಟ್ಟೆ. ಎರಡು ಕಿಲೋ ಸಹ ತೂಗದ ಹೆಣ್ಣುಕೂಸು ಹುಟ್ಟಿತು. ಎರಡೂ ಜೀವ ಉಳಿದವು. ನಾನು ಸಮಾಧಾನ ಪಟ್ಟೆ, ಮರೆತೂ ಬಿಟ್ಟೆ.

‘ಒಬ್ಬರೇ’ ಎಂದು ಒತ್ತಿದರೆ ನನ್ನ ಸುಳ್ಳು ಎಲ್ಲರಿಗೂ ಕಾಣುತ್ತದೆ. ‘ಬೇರೆ’ ಎಂದು ಒತ್ತಿದೆ. ಮರುದಿನ ಅಂಥದೇ ಇನ್ನೆರಡು ಬಂದವು. ಅವಕ್ಕೂ, ಆಮೇಲೆ ಬಂದವಕ್ಕೂ ಹಾಗೆಯೇ ಮಾಡಿದೆ. ಕೆಲಸ ಬಿಡೋಣವೆಂದರೆ ರಜಿಸ್ಟರುಗಳು ಅಲ್ಲಿಯೇ ಇರುತ್ತವೆ, ಬೇರೆ ಯಾರೋ ಓದುತ್ತಾರೆ.

ಹದಿನೈದು ದಿನದ ಮೇಲೆ ತಂಡದ ಮೇಡಂ ನನ್ನ ಕುರ್ಚಿಯ ಬಾಜು ಬಂದು ಕೂತರು. ನನ್ನ ಮಗಳ ವಯಸ್ಸಿನವರು.

“ಅಕ್ಕಾರ, ಉಳಿದ ಊರಿನ್ವು ಹೊಂದ್ತಾವು. ನೀವು ಕೆಲಸ ಮಾಡಿದ ಊರಿನ್ವ ಯಾಕ ಹೊಂದವಲ್ವು?”

“ನೋಡ್ತೇನ್ರಿ” ಎಂದೆ.

ಆ ಭಾನುವಾರ ತಂಬೂರಿಗೆ ಹೋಗುವ ಬಸ್ಸು ಹತ್ತಿದೆ. ಅವಳನ್ನು ಕೊಟ್ಟ ಊರು ಅದೇ ದಾರಿಯಲ್ಲಿತ್ತು. ಹೋಗಬಾರದು, ಸಹಿ ಹಾಕಿದ್ದೇನೆ ಎಂಬುದು ಗೊತ್ತಿತ್ತು. ಆದರೂ ಹೋದೆ. ಅವಳು ಕಟ್ಟೆಯ ಮೇಲೆ ಗೋವಿನಜೋಳ ಬಿಡಿಸುತ್ತಿದ್ದಳು. ಗುರುತು ಹಿಡಿದು ಎದ್ದು ನಿಂತಳು, ಚಹಾ ಮಾಡಿದಳು. ಮಗಳು ಎಂಟನೆಯ ಇಯತ್ತೆ. ಸ್ವಲ್ಪ ಕುಳ್ಳಗಿದ್ದಾಳೆ, ಓದಿನಲ್ಲಿ ಚುರುಕು ಎಂದಳು. ಹಳೆಯ ರಜಿಸ್ಟರು ಈಗ ಮತ್ತೆ ನನ್ನ ಕೈಗೆ ಬಂದದ್ದನ್ನು ಹೇಳಿದೆ. ಅವತ್ತು ಹತ್ತೊಂಬತ್ತು ಎಂದು ಬರೆದಿದ್ದೆ ಎಂದೆ.

“ಗೊತ್ತೈತ್ರಿ. ತಾಯಿ ಕಾರ್ಡಿನ್ಯಾಗ ನೋಡೇನಿ.”

“ನಿನ್ನ ಜೀವಾ ಉಳೀಲಿ ಅಂತ ಬರದ್ನಿ, ಯವ್ವಾ.”

ಅವಳು ಮತ್ತೊಂದು ತೆನೆ ಕೈಗೆತ್ತಿಕೊಂಡಳು. “ಅಕ್ಕಾರ, ಅವತ್ತ ನೀವು ನನ್ನ ವಯಸ್ಸು ನಮ್ಮವ್ವನ್ನ ಕೇಳಿದ್ರಿ. ನನ್ನ ಕೇಳ್ಲಿಲ್ರಿ. ನಾ ಅಲ್ಲೇ ಮಲ್ಕೊಂಡಿದ್ನಿ. ಕೇಳಿದ್ರ ಹೇಳ್ತಿದ್ನಿ.”

ಹೊರಡುವಾಗ ಅವಳೇ ಅಂದಳು: “ಈಗರ ಖರೇ ಬರೀರಿ. ನಂದೇನೂ ಹೋಗೂದಿಲ್ಲ.”

ಸೋಮವಾರ ಮೇಡಂ ಮುಂದೆ ಎಲ್ಲ ಹೇಳಿದೆ. ಬೈಯಲಿಲ್ಲ. “ಅವ್ರ ಮನೀಗೆ ಹೋಗಿದ್ದು ಅಗದಿ ತಪ್ಪು ಮಾಡಿದ್ರಿ. ಇದನ್ನ ನಾ ಮ್ಯಾಲಿನವ್ರಿಗೆ ಬರೀಬೇಕಾಗ್ತೈತಿ” ಎಂದರು. ನಾನು ಒತ್ತಿದ್ದೆಲ್ಲವನ್ನೂ ರದ್ದು ಮಾಡಿ, ಆ ಊರುಗಳ ಜೋಡಿಗಳನ್ನು ಬೇರೊಬ್ಬರಿಗೆ ಕೊಟ್ಟರು. ನನ್ನನ್ನು ಮನೆಗೆ ಕಳಿಸುತ್ತಾರೆಂದು ಕಾಯುತ್ತಿದ್ದೆ. ಅದರ ಬದಲು ನನ್ನ ಹಳೆಯ ರಜಿಸ್ಟರುಗಳನ್ನೇ ಮುಂದಿಟ್ಟು, ಯಾವ ಯಾವ ವಯಸ್ಸು ಸುಳ್ಳು ಎಂದು ಗುರುತು ಮಾಡಿಕೊಡಿ ಎಂದರು. ಖರೇ, ಸುಳ್ಳು, ನೆನಪಿಲ್ಲ ಎಂದು ಮೂರು ಕಾಲಂ.

ಎರಡು ತಿಂಗಳು ಅದೇ ಕೆಲಸ. ಒಂದೊಂದು ಸಾಲಿನ ಮೇಲೆ ಬೆರಳಿಟ್ಟು ಆ ಮುಖಗಳನ್ನು ನೆನೆಯುತ್ತಿದ್ದೆ. ಕೆಲವರ ತಾಯಂದಿರ ಮುಖ ಕಣ್ಣಿಗೆ ಕಟ್ಟುತ್ತಿತ್ತು, ಆ ಹುಡುಗಿಯರ ಮುಖ ಮಾತ್ರ ಎಷ್ಟು ತಡಕಿದರೂ ಸಿಗುತ್ತಿರಲಿಲ್ಲ. ಕೊನೆಗೆ ಪುಟಗಳನ್ನು ಒಪ್ಪಿಸುವಾಗ ನೋಡಿದರೆ, ‘ನೆನಪಿಲ್ಲ’ ಎಂಬ ಕಾಲಮ್ಮೇ ಎಲ್ಲಕ್ಕಿಂತ ಹೆಚ್ಚು ತುಂಬಿತ್ತು.