ಹಾಲೆಂಡಿನವನಿಗೆ ಬರೆದ ಬಿನ್ನವತ್ತಳೆ

ಹಾಲೆಂಡಿನ ಆ ಕವಿ, ಚಿತ್ರಕಾರ ಕೂಡ್ಲಿಗಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಬಂದ ಹಾಗೇ ಹೋಗಿದ್ದರೆ ನಾನು ಇವತ್ತಿಗೂ ಹೀಗೆ ಉರಿದುಕೊಳ್ಳುತ್ತಿರಲಿಲ್ಲ. ಹಂಪಿಯಲ್ಲಿ ಜನ ಹೆಚ್ಚಾಯಿತಂತೆ, ಅವನಿಗೆ ‘ಏನೂ ಇಲ್ಲದ ಊರು’ ಬೇಕಾಗಿತ್ತಂತೆ, ಬಸ್ಸು ಹತ್ತಿ ನಮ್ಮಲ್ಲಿ ಬಂದು ಇಳಿದ. ಏನೂ ಇಲ್ಲದ ಊರಂತೆ! ತಾಲ್ಲೂಕು ಕಚೇರಿ ಇದೆ, ಹೈವೇ ಇದೆ, ಶೇಂಗಾ ಗಿರಣಿ ಇದೆ, ನಾನೂ ಇದ್ದೇನೆ.

ಬಸ್ ನಿಲ್ದಾಣದ ಹತ್ತಿರ ನನ್ನದು ಬೋರ್ಡು ಬರೆಯುವ ಅಂಗಡಿ. ಅವನು ಬಾಡಿಗೆಗೆ ಹಿಡಿದದ್ದು ಅದರ ಮೇಲಿನ ಕೋಣೆಯನ್ನೇ. ಹೀಗಾಗಿ ಆರು ತಿಂಗಳು ಅವನ ಚಿತ್ರ ನೋಡುವ ಶಿಕ್ಷೆ ನನಗೆ. ಬೆಳಿಗ್ಗೆ ಹೊಸಹಳ್ಳಿ ಕಡೆ ಹೋಗಿ ಯಾರದೋ ಹೊಲದ ಬದುವಿನ ಮೇಲೆ ಕೂತು ಸಂಜೆಗೆ ಒಂದು ಚಿತ್ರ ಹೊತ್ತು ತರುತ್ತಿದ್ದ. ಕೆಳಗೆ ಅರ್ಧ ಕಂದು, ಮೇಲೆ ಅರ್ಧ ಬಿಳಿ. ಮುಗಿಯಿತು. ನಾನು ಅದನ್ನು ಬೋರ್ಡಿಗೆ ಮೊದಲ ಕೋಟು ಅಂತ ಬಳಿಯುತ್ತೇನೆ. ಅದರ ಮೇಲೆ ಅಕ್ಷರ ಬಿದ್ದರೆ ಮಾತ್ರ ಗಿರಾಕಿ ಮನೆಗೆ ಒಯ್ಯುತ್ತಾನೆ.

ಇನ್ನು ಕವಿತೆ. ಕಾಲೇಜಿನ ಇಂಗ್ಲಿಷ್ ಲೆಕ್ಚರರೊಬ್ಬರು ಅವನ ಬೆನ್ನು ಹತ್ತಿದ್ದರು. ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಅವನು ಓದುವುದು, ಇವರು ಕಣ್ಣು ಮುಚ್ಚಿ ಕನ್ನಡಕ್ಕೆ ಇಳಿಸುವುದು. “ಕಲ್ಲು. ಕಲ್ಲಿನ ಮೇಲೆ ಬಿಸಿಲು. ನಾನು ಇಲ್ಲ.” ಇಷ್ಟೇ ಒಂದು ಕವಿತೆ.

“ಅವ ಇಲ್ಲಾಂದ್ರ ಈ ನಾಕು ಮಿರ್ಚಿ ಯಾರು ತಿಂದ್ರಿ ಮತ್ತ?” ಅಂತ ಹೋಟೆಲಿನ ಅಜ್ಜ ಕೇಳಿದ. ಆ ಆರು ತಿಂಗಳಲ್ಲಿ ಅವನ ಕಾವ್ಯದ ಬಗ್ಗೆ ನಾನು ಕೇಳಿದ ಒಳ್ಳೆಯ ವಿಮರ್ಶೆ ಅದೊಂದೇ.

ಇಂಥವನನ್ನು ನಮ್ಮ ಊರು ತಲೆ ಮೇಲೆ ಹೊತ್ತುಕೊಂಡಿತು. ಗಿರಣಿ ಸಾಹುಕಾರರು ಅವನ ಜೊತೆ ಫೋಟೋ ಹೊಡೆಸಿಕೊಂಡು ಗಲ್ಲಾದ ಮೇಲೆ ತೂಗುಹಾಕಿದರು. ಅವನು ವಾಪಸು ಹೊರಡುವ ಸುದ್ದಿ ತಿಳಿದದ್ದೇ ತಡ, ಸಾಹುಕಾರರೇ ಅಧ್ಯಕ್ಷರಾಗಿ ಒಂದು ಸನ್ಮಾನ ಸಮಿತಿ ಹುಟ್ಟಿಕೊಂಡಿತು. ಸನ್ಮಾನ ಅಂದಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ ಮತ್ತು ಬಿನ್ನವತ್ತಳೆ. ಬಿನ್ನವತ್ತಳೆ ಅಂದಮೇಲೆ ನಮ್ಮ ಡ್ರಾಯಿಂಗ್ ಮಾಸ್ತರು.

ಮಾಸ್ತರು ನನಗೆ ಹೈಸ್ಕೂಲಿನಲ್ಲಿ ಚಿತ್ರ ಕಲಿಸಿದವರು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಅಂತ ಶಾಲೆಯಿಂದ ಶಾಲೆಗೆ ಅಲೆದು, ತಮ್ಮ ಪಿರಿಯಡ್ಡನ್ನು ಗಣಿತದವರಿಗೆ ಬಿಟ್ಟುಕೊಡುತ್ತಲೇ ನಿವೃತ್ತರಾದರು. ಚಿತ್ರ ಬರೆಯುತ್ತಿದ್ದರು, ಪದ್ಯ ಕಟ್ಟುತ್ತಿದ್ದರು. ಎರಡೂ ಟ್ರಂಕಿನಲ್ಲಿ ಕೊಳೆಯುತ್ತಿದ್ದವು. ಜನಕ್ಕೆ ಅವರಿಂದ ಬೇಕಾಗಿದ್ದದ್ದು ಬಿನ್ನವತ್ತಳೆ ಮಾತ್ರ. ತಹಶೀಲ್ದಾರರು ವರ್ಗವಾಗಲಿ, ಹೆಡ್‌ಮಾಸ್ತರು ನಿವೃತ್ತರಾಗಲಿ, ಕೊಟ್ಟೂರಿನಿಂದ ಹಡಗಲಿಯ ಮಾಗಳದವರೆಗೆ ಹೇಳಿಕೆ ಬರುತ್ತಿತ್ತು. ದಪ್ಪ ಹಾಳೆ, ಸುತ್ತ ಬಳ್ಳಿಯ ಅಂಚು, ಐದು ಪ್ಯಾರಾ. ಪ್ರತಿ ಪ್ಯಾರಾದ ತಲೆಗೆ ಕೆಂಪು ಅಕ್ಷರದಲ್ಲಿ ಒಂದೊಂದು ಸಂಬೋಧನೆ. ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ಫ್ರೇಮಿನ ಸಮೇತ ಕೈಗೆ ಕೊಡಬೇಕು. ಗಂಟಲು ದೊಡ್ಡದು ಅಂತ ಓದುವ ಕೆಲಸ ನನ್ನದು. ಹೆಸರು, ಊರು ಬಿಟ್ಟರೆ ಎಲ್ಲರಿಗೂ ಅದೇ ಮಾತುಗಳು. ನನಗೆ ಬಾಯಿಪಾಠವಾಗಿತ್ತು.

ಮಾಸ್ತರು ನಿವೃತ್ತರಾದ ದಿನ ಅವರಿಗೆ ಬಿನ್ನವತ್ತಳೆ ಇರಲಿಲ್ಲ. “ಬರಿಯೋರೇ ಅವರು. ಅವರಿಗೆ ಇನ್ಯಾರು ಬರೀಬೇಕ್ರಿ?” ಅಂತ ಹೆಡ್‌ಮಾಸ್ತರು ಮೈಕಿನಲ್ಲಿ ಹಲ್ಲು ಕಿರಿದರು. ಸಭೆ ನಕ್ಕಿತು. ಮಾಸ್ತರೂ ನಕ್ಕರು.

ಎಷ್ಟೋ ದಿನಗಳ ಮೇಲೆ ನನ್ನ ಅಂಗಡಿಯಲ್ಲಿ ಬ್ರಷ್ ತೊಳೆಯುತ್ತಾ ಅವರು ಹೇಳಿದರು: “ಒಂದ್ ಸರ್ತಿ ಕೇಳಬೇಕಂತ ಆಸಿ ಐತಲೇ. ಸಭಾದಾಗ, ಮೈಕಿನಾಗ, ನನ್ನ ಬದುಕು ನಾನು ಕೇಳಬೇಕು. ಆಮ್ಯಾಲ ಸತ್ರೂ ಚಿಂತಿಲ್ಲ.”

“ನಾನು ಬರಿತೀನ್ರಿ ಸರ,” ಅಂದೆ. ಬರೆಯಲಿಲ್ಲ. ಇವತ್ತು ಬರೆಯೋಣ, ನಾಳೆ ಬರೆಯೋಣ ಅಂತ ವರ್ಷ ಕಳೆದೆ. ಹಾಲೆಂಡಿನವನನ್ನು ಇಷ್ಟು ಬೈಯುವ ನಾನು ಎಂಥ ಘನಂದಾರಿ ಮನುಷ್ಯ ಅನ್ನುವುದೂ ಗೊತ್ತಿರಲಿ.

ಸನ್ಮಾನಕ್ಕೆಂದು ಹಾಲೆಂಡಿನವನ ಬದುಕನ್ನು ಅರ್ಧ ಹಾಳೆಯಲ್ಲಿ ಬರೆದು ಲೆಕ್ಚರರು ತಂದುಕೊಟ್ಟರು. ಸಮುದ್ರದ ದಂಡೆಯ ಊರಲ್ಲಿ ಹುಟ್ಟು. ಅಪ್ಪನದು ಹಡಗಿನ ಹಗ್ಗದ ವ್ಯಾಪಾರ. ಸೈನ್ಯಕ್ಕೆ ಬರುವುದಿಲ್ಲ ಅಂದದ್ದಕ್ಕೆ ಜೈಲು. ಮೂರು ಕವನ ಸಂಕಲನ. ಎರಡು ಮದುವೆ, ಎರಡೂ ಮುರಿದವು. ಕುಡಿತ ಬಿಟ್ಟದ್ದು, ಮತ್ತೆ ಹಿಡಿದದ್ದು. ಒಂದಷ್ಟು ಪ್ರದರ್ಶನಗಳು. ಆಮೇಲೆ ಹಂಪಿ.

ಮಾಸ್ತರು ಓದಿ ಕನ್ನಡಕ ತೆಗೆದರು. “ಜೈಲಂತ, ಕುಡಿತಂತ. ಇದನ್ನ ಬಿನ್ನವತ್ತಳ್ಯಾಗ ಹೆಂಗ್ ಹಾಕ್ಲೆಲೇ? ಕರದು ಶಾಲು ಹೊದಿಸಿ ಮರ್ಯಾದಿ ತಗದಂಗ ಆಗ್ತೈತಿ.”

“ಎಂದಿನಂಗ ಬರದುಬಿಡ್ರಿ ಸರ. ಅವನಿಗೇನು ಕನ್ನಡ ಬರ್ತೈತ್ಯಾ?”

ಅವರು ಆ ಅರ್ಧ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಯಾವಾಗಲೂ ನನ್ನ ಅಂಗಡಿಯಲ್ಲೇ ಬರೆಯುವವರು ಆ ಸಲ ಹಾಳೆ, ಬಣ್ಣ ಎಲ್ಲ ಮನೆಗೆ ಒಯ್ದರು. ಒಂದು ವಾರದ ಮೇಲೆ ಫ್ರೇಮು ಹಾಕಿಸಿ, ಮೇಲೆ ಪೇಪರು ಸುತ್ತಿ ನೇರ ಸಭೆಗೇ ತಂದರು. “ಚಂದಾಗಿ ಓದು,” ಅಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಎರಡನೇ ಸಾಲಿನಲ್ಲಿ ಕೂತು, ಕೈ ಕಟ್ಟಿ, ಕಣ್ಣು ಮುಚ್ಚಿದರು.

ಮೈಕಿನ ಮುಂದೆ ನಿಂತು ನಾನು ಪೇಪರು ಬಿಚ್ಚಿದೆ. ತಲೆಗೆ ಹಾಲೆಂಡಿನವನ ಹೆಸರು ಸರಿಯಾಗೇ ಇತ್ತು. ಕೆಳಗಿನ ಸಂಬೋಧನೆ ಮಾತ್ರ ಎಂದಿನದಲ್ಲ. ‘ಕುರಿಹಟ್ಟಿಯಲ್ಲಿ ಹುಟ್ಟಿದವರೇ!’ ಅದರಡಿಯಲ್ಲಿ, ಇದ್ದಲಿನಿಂದ ಗುಡಿಯ ಗೋಡೆಗೆ ಕುರಿಯ ಚಿತ್ರ ಬರೆದು ಪೂಜಾರಿಯಿಂದ ಏಟು ತಿಂದ ಕಥೆ. ಮುಂದಿನ ಪ್ಯಾರಾದಲ್ಲಿ ಅವ್ವನ ಕಂಬಳಿ ಮಾರಿ ಬಳ್ಳಾರಿಗೆ ಡ್ರಾಯಿಂಗ್ ಪರೀಕ್ಷೆಗೆ ಹೋದದ್ದು. ಅದರ ಕೆಳಗೆ ಹಾಜರಿ ಹಾಳೆಯ ಬೆನ್ನಿನ ಮೇಲೆ ಬರೆದ ಪದ್ಯಗಳು, ಅವನ್ನು ಕೇಳಿಸಿಕೊಳ್ಳುತ್ತಿದ್ದ ಹೆಂಡತಿ, ಅವರು ತೀರಿಕೊಂಡದ್ದು. ಅಷ್ಟೂ ಮಾಸ್ತರ ಬದುಕು. ಅಷ್ಟು ಚಂದದ ಅಕ್ಷರ ಅವರು ಹಿಂದೆಂದೂ ಬರೆದಿರಲಿಲ್ಲ.

ನಾನು ತಲೆ ಎತ್ತಿದೆ. ಸಾಹುಕಾರರು ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಲೆಕ್ಚರರು ಕಿವಿ ನಿಮಿರಿಸಿ ಕೂತಿದ್ದರು. ಸಮುದ್ರದ ದಂಡೆಯವನು ಕುರಿಹಟ್ಟಿಯಲ್ಲಿ ಹುಟ್ಟಿದನೆಂದರೆ ಅವರು ಎದ್ದು ನಿಲ್ಲುತ್ತಾರೆ, ಸಭೆ ಮಾಸ್ತರನ್ನು ನೋಡಿ ನಗುತ್ತದೆ ಅಂದುಕೊಂಡೆ. ಛೀ, ಅದೂ ಸುಳ್ಳು! ಗಿರಣಿಯ ಬೋರ್ಡುಗಳೆಲ್ಲ ನನ್ನ ಕೈಯಲ್ಲಿದ್ದವು, ಅವು ಹೋಗುತ್ತವೆ ಅಂತ ಅಂಜಿದೆ.

“ಕಲಾ ಸರಸ್ವತಿಯ ವರಪುತ್ರರೇ!” ಅಂತ ಶುರು ಮಾಡಿದೆ. ಫ್ರೇಮನ್ನು ಮುಖದ ಮುಂದೆ ಹಿಡಿದು, ಬಾಯಿಪಾಠವಾಗಿದ್ದ ಐದು ಪ್ಯಾರಾ ಒದರಿದೆ. ತಹಶೀಲ್ದಾರರಿಗೆ ಓದಿದ್ದನ್ನೇ, ಹೆಡ್‌ಮಾಸ್ತರಿಗೆ ಓದಿದ್ದನ್ನೇ. ಎರಡನೇ ಸಾಲಿನಲ್ಲಿ ಕಣ್ಣು ತೆರೆದವು. ಮಾಸ್ತರು ನನ್ನನ್ನು ನೋಡಿದರು. ಆಮೇಲೆ ಬಗ್ಗಿ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುತ್ತಾ ಕೂತರು. ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾವೂ ತಟ್ಟಿದರು.

ಜನ ಕೇಸರಿಬಾತಿಗೆ ಮುಗಿಬಿದ್ದಾಗ ಹಾಲೆಂಡಿನವನು ವೇದಿಕೆಯಲ್ಲೇ ಕೂತು ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದ. ಲೆಕ್ಚರರನ್ನು ಕರೆದು ಏನು ಬರೆದಿದೆ ಅಂತ ಕೇಳಿದ. ಫ್ರೇಮಿನ ಕಡೆ ನೋಡದೆಯೇ ಇಂಗ್ಲಿಷಿನಲ್ಲಿ ಅದೇನೋ ಹೇಳಿ ಅವನ ಭುಜ ತಟ್ಟಿದ ಆ ಪುಣ್ಯಾತ್ಮ ಇನ್ನೊಂದು ಸಲ ಬಡಿಸಿಕೊಳ್ಳಲು ಹೋದ. ಮರುದಿನ ಫ್ರೇಮನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅವನು ಬಸ್ಸು ಹತ್ತಿದ. ಅದರ ನಕಲು ಯಾರ ಬಳಿಯೂ ಇರಲಿಲ್ಲ.

“ಗಂಟಲು ಚಲೋ ಐತಿ ನಿಂದು,” ಅಂದರು ಮಾಸ್ತರು, ಮುಂದೊಂದು ದಿನ ಅಂಗಡಿಯಿಂದ ತಮ್ಮ ಬ್ರಷ್‌ಗಳನ್ನು ತೆಗೆದುಕೊಂಡು ಹೋಗಲು ಬಂದಾಗ. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಆಮೇಲೆ ಅವರು ಯಾರಿಗೂ ಬಿನ್ನವತ್ತಳೆ ಬರೆದುಕೊಡಲಿಲ್ಲ. ಮೂರು ವರ್ಷಕ್ಕೆ ತೀರಿಕೊಂಡರು. ಟ್ರಂಕನ್ನು ಯಾರು ಒಯ್ದರೋ ತಿಳಿಯದು.

ಊರಿಗೆ ಫ್ಲೆಕ್ಸ್ ಬಂದು ನನ್ನ ಅಂಗಡಿಯಲ್ಲಿ ನೊಣ ಕೂರುವ ಕಾಲಕ್ಕೆ ಲೆಕ್ಚರರು ಒಂದು ಪುಸ್ತಕ ಹಿಡಿದು ಕುಣಿಯುತ್ತಾ ಬಂದರು. ಹಾಲೆಂಡಿನವನ ಯಾವುದೋ ದೊಡ್ಡ ಪ್ರದರ್ಶನದ್ದು. ಪುಟಪುಟಕ್ಕೂ ಅದೇ ಕಂದು, ಅದೇ ಬಿಳಿ. ಕೊನೆಯ ಪುಟದಲ್ಲಿ ಅವನು ಕುರ್ಚಿಯಲ್ಲಿ ಕೂತ ಫೋಟೋ. ಹಿಂದಿನ ಗೋಡೆಯ ಮೇಲೆ ಮಾಸ್ತರ ಫ್ರೇಮು.

“ಕೆಳಗ ಏನ್ ಬರದಾನ ಕೇಳ್ರಿ,” ಅಂದರು ಲೆಕ್ಚರರು. “ನನ್ನ ಬದುಕನ್ನ ನನಗಿಂತ ಚೆನ್ನಾಗಿ ಬರದವರು ಆ ಊರಿನವರು, ಅಂದಾನ! ನಮ್ಮೂರ ಹೆಸರು ಎಲ್ಲಿಗೆ ಮುಟ್ಟೇತಿ ನೋಡ್ರಿ!”

ಪುಸ್ತಕವನ್ನು ಒಂದು ದಿನದ ಮಟ್ಟಿಗೆ ಇಸಿದುಕೊಂಡೆ. ಅವರು ಹೋದ ಮೇಲೆ ಭೂತಗನ್ನಡಿ ಹುಡುಕಿದೆ. ಬಳ್ಳಿಯ ಅಂಚು, ತಲೆಗೆ ಅವನ ಹೆಸರು ಕಂಡವು. ಉಳಿದದ್ದೆಲ್ಲ ಅವನ ತಲೆಯ ಹಿಂದೆ ಮರೆಯಾಗಿತ್ತು, ಕೆಂಪು ಅಕ್ಷರದ ಮೊದಲ ಸಂಬೋಧನೆಯೊಂದನ್ನು ಬಿಟ್ಟು.

ಎದ್ದು ನಿಂತೆ. “ಕುರಿಹಟ್ಟಿಯಲ್ಲಿ ಹುಟ್ಟಿದವರೇ!” ಅಂತ ಇದ್ದ ಗಂಟಲೆಲ್ಲ ಹಾಕಿ ಓದಿದೆ. ಬಸ್ಸಿಗೆ ನಿಂತಿದ್ದವರು ಇಬ್ಬರು ಮೂವರು ತಿರುಗಿ ನೋಡಿದರು. ಮುಂದಿನ ಸಾಲು ನನಗೆ ಬಾಯಿಪಾಠ ಇರಲಿಲ್ಲ.