ಬರೆಯದಿದ್ದರೂ ನಡೆಯುತ್ತಿದ್ದ ಪರೀಕ್ಷೆ

ಅರ್ಜಿಯ ನಮೂನೆಗಳಲ್ಲಿ ‘ಐಚ್ಛಿಕ’ ಎಂಬ ಪದ ಕಂಡಾಗಲೆಲ್ಲ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ನಿಮ್ಮ ಇಚ್ಛೆ ಎಂದು ವಿನಯದಿಂದ ಹೇಳುವವರು, ನಮ್ಮ ಇಚ್ಛೆ ಏನಿರಬೇಕೆಂಬುದನ್ನು ಬಹುತೇಕ ಮೊದಲೇ ತೀರ್ಮಾನಿಸಿರುತ್ತಾರೆ. ಓದುಗ ಮಿತ್ರರೇ, ಈ ಸಿಟ್ಟಿನ ಮೂಲ ನಲವತ್ತರ ದಶಕದ ಕೊಪ್ಪಳದಲ್ಲಿದೆ.

ಆಗ ನಮ್ಮದು ನಿಜಾಮರ ಸೀಮೆ. ಗಣಿತ, ಇತಿಹಾಸ, ಭೂಗೋಳಾದಿ ಸಕಲ ಶಾಸ್ತ್ರಗಳೂ ಉರ್ದುವಿನಲ್ಲಿ. ಮನೆಯಲ್ಲಾಡುವ ಕನ್ನಡ ಮಾತ್ರ ಮೆಟ್ರಿಕ್ ಪರೀಕ್ಷೆಯಲ್ಲಿ ಐಚ್ಛಿಕ. ಬರೆಯದಿದ್ದರೂ ಪಾಸಾಗಬಹುದಿತ್ತು, ಬರೆದರೆ ಅದರ ಅಂಕ ಸರಾಸರಿಗೆ ಸೇರಿ, ಹೈದರಾಬಾದಿನ ಕಾಲೇಜಿನಲ್ಲಿ ಸೀಟು ಕೊಡಿಸಲೂಬಹುದು, ತಪ್ಪಿಸಲೂಬಹುದು. ಶಾಲೆಯಲ್ಲಿ ಅದನ್ನು ಕಲಿಸುವವರಿರಲಿಲ್ಲ; ಅಕ್ಷರಗಳನ್ನು ಮನೆಯಲ್ಲೇ ತಿದ್ದಿ ಕಲಿತಿದ್ದೆ. ನನ್ನನ್ನು ಮಗನಂತೆ ಕಾಣುತ್ತಿದ್ದ ಉರ್ದು ಮಾಸ್ತರರು, “ಸುಮ್ಮನ ಬಿಡಪಾ, ಕಾಲೇಜಿನ್ಯಾಗ ಯಾರೂ ಕನ್ನಡ ಕೇಳಂಗಿಲ್ಲ” ಎಂದರು. ಕಿರಾಣಿ ಅಂಗಡಿಯ ಅಪ್ಪನದೂ ಅದೇ ರಾಗ. ಯಲಬುರ್ಗಾ ಕಡೆಯ ನಮ್ಮವ್ವ ಮಾತ್ರ ಜೋಳ ಹಸನು ಮಾಡುತ್ತ, “ಹಂಗಾರ ನಮ್ಮ ಮಾತು ಇದ್ದರ ಇರ್ಲಿ, ಇಲ್ಲಂದ್ರ ಬಿಡ್ಲಿ ಅಂತ ಇಟ್ಟಾರೇನು?” ಎಂದು ಕೇಳಿದಳು. ಅದು ನನಗೆ ನಾಟಿತು. ಮರುದಿನವೇ ಅರ್ಜಿಯಲ್ಲಿ ‘ಕನ್ನಡ’ ಎಂದು ತುಂಬಿದೆ, ಅದೂ ಉರ್ದು ಲಿಪಿಯಲ್ಲಿ. ಅರ್ಜಿಗೆ ಬೇರೆ ಲಿಪಿ ನಡೆಯುತ್ತಿರಲಿಲ್ಲ.

ಇನ್ನು ಈ ಭಾಷಾಭಿಮಾನಿಯ ಪರಾಕ್ರಮ ಕೇಳಿ. ಹತ್ತು ವರ್ಷ ಉರ್ದು ಬರೆದು ಪಳಗಿದ ಕೈ, ಕನ್ನಡದ ಉತ್ತರಪುಸ್ತಕವನ್ನೂ ಉರ್ದು ಪುಸ್ತಕದಂತೆ ಹಿಂದಿನ ರಟ್ಟಿನಿಂದ ತೆರೆಯಿತು. ಎಂಟು ಪುಟ ತುಂಬಿದ ಮೇಲೆ ಎಚ್ಚರವಾಯಿತು. ತಿದ್ದಲು ವೇಳೆ ಉಳಿದಿರಲಿಲ್ಲ. ಪರೀಕ್ಷಕ ಮಹಾಶಯರಿಗೆ ನನ್ನ ಪ್ರಬಂಧದ ಉಪಸಂಹಾರ ಮೊದಲೂ ಪೀಠಿಕೆ ಕೊನೆಗೂ ಸಿಕ್ಕಿರಬೇಕು. ಅವರು ಪಾಸಾಗುವಷ್ಟೇ ಅಂಕ ಕೊಟ್ಟರು. ನನ್ನ ಸರಾಸರಿ ಇಳಿಯಿತು.

ಅಪ್ಪನೊಡನೆ ಹೈದರಾಬಾದಿಗೆ ಹೋದೆ. ಕಾಲೇಜಿನ ಗುಮಾಸ್ತರು ರಾಯಚೂರು ಕಡೆಯವರು, ಸಜ್ಜನರು. “ಕನ್ನಡ ಬ್ಯಾಡ ಅಂತ ಒಂದು ಅರ್ಜಿ ಬರದುಕೊಡ್ರಿ, ಸರಾಸರಿ ಏರತೈತಿ, ಇವತ್ತ ಸೀಟು ಸಿಗತೈತಿ” ಎಂದರು. ಅಪ್ಪ ಲೇಖನಿಯನ್ನು ನನ್ನ ಕೈಗಿತ್ತರು. ನಾನು ಅದನ್ನು ಮೇಜಿನ ಮೇಲಿಟ್ಟು, “ಪಾಸಾಗೇನಲ್ರಿ, ಇರ್ಲಿ ಬಿಡ್ರಿ” ಎಂದೆ. ಸೀಟು ಹೋಯಿತು. ಅಪ್ಪ ಲೇಖನಿಯನ್ನು ಎತ್ತಿ ತಮ್ಮ ಕಿಸೆಗೆ ಸಿಕ್ಕಿಸಿಕೊಂಡು ಸ್ಟೇಷನ್ನಿನ ದಾರಿ ಹಿಡಿದರು.

ಒಂದು ವರ್ಷ ಅಂಗಡಿಯಲ್ಲಿ ಬೆಲ್ಲ, ಮೆಣಸಿನಕಾಯಿ ತೂಗಿದೆ. ಹೈದರಾಬಾದಿನಿಂದ ಗೆಳೆಯರ ಕಾಗದ ಬಂದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಅರ್ಜಿ ಬರೆದುಕೊಡಬೇಕಿತ್ತೆಂದು ಒಮ್ಮೆಯೂ ಅನಿಸಲಿಲ್ಲ. ಇಚ್ಛೆ ನನ್ನದೆಂದ ಮೇಲೆ ಅದರ ಶಿಕ್ಷೆಯೂ ನನ್ನದೇ ಎಂದುಕೊಂಡೆ. ಮರುವರ್ಷ ಅರ್ಜಿಗಳು ಕಡಿಮೆಯಿದ್ದವು; ಅದೇ ಅಂಕಪಟ್ಟಿಯೊಡನೆ ಹೋಗಿ, ಪ್ರವೇಶದ ಪಟ್ಟಿಯಲ್ಲಿ ಕಟ್ಟಕಡೆಯ ಹೆಸರಾಗಿ ಸೇರಿಕೊಂಡೆ.

ಆ ಸಲ ಹೊರಡುವ ದಿನ ಅಪ್ಪ ಅಂಕಪಟ್ಟಿ ಇಸಿದುಕೊಂಡು ಬಹಳ ಹೊತ್ತು ನೋಡಿದರು. ಮಡಚಿ ತಮ್ಮ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡರು. “ಈ ಸಲ ಕನ್ನಡ ತಗಸು ಅಂತ ಯಾರರ ಅಂದರ, ನೀ ಸುಮ್ಮನಿರು. ನಾ ಮಾತಾಡ್ತೀನಿ” ಎಂದು, ನನಗಿಂತ ಮೊದಲು ಹೊಸ್ತಿಲು ದಾಟಿದರು.