ಬಿಲ್ವದ ಬುಡದಲ್ಲಿ ನಿರ್ಮಾಲ್ಯ

ವಿಘ್ನೇಶ್ವರನಿಗೆ ನಮಿಸಿ, ಕಾರ್ತಿಕ ಸೋಮವಾರ, ಕುಮಟಾ.

ಆತ್ಮೀಯರೇ, ದಿವಂಗತಳಾದ ಪತ್ನಿ ನೆಟ್ಟ ಬಿಲ್ವವು ಸೊರಗುತ್ತಿತ್ತು. ಪೂಜೆಯ ಹೂಗಳನ್ನು ಯಾರೂ ತುಳಿಯಬಾರದು, ಗೊಬ್ಬರವೂ ಆಗಲಿ ಎಂದು ನಿತ್ಯವೂ ಅದರ ಬುಡಕ್ಕೇ ಒಟ್ಟುತ್ತಿದ್ದೆ. ತರಕಾರಿ ಬೆಳೆಯುವ ನೆರೆಮನೆಯ ನಾಗಮ್ಮ ಇಂದು ಆ ರಾಶಿಗೆ ಕೈಯಿಕ್ಕಿದಳು.

“ಸರಿಸಬೇಡ ನಾಗಮ್ಮ, ದೇವ್ರಿಗೆ ಏರಿಸಿದ ಹೂ.”

“ಆಗ್ಲಿ ಭಟ್ರೆ. ನಿಮ್ಗೆ ಅನ್ನ ಬಾಯಿಗೆ ಹಾಕೂದೋ, ಕುತ್ತಿಗೆಗೆ ಸುರಿಯೂದೋ? ಮರ ಉಂಬೂದು ನೆರಳಿನ ಅಂಚಿಗೆ, ಬೇರಿನ ತುದಿ ಇರೂದು ಅಲ್ಲೇ.”

ಅವಳು ಸರಿಸಿದಲ್ಲಿ ತೊಗಟೆ ಕೊಳೆತಿತ್ತು. ನಾನು ಗುದ್ದಲಿ ತಂದೆ. ಕೊಂಬೆಗಳ ತುದಿಯ ಕೆಳಗೆ ಸುತ್ತಲೂ ಹಗುರವಾಗಿ ಅಗೆದು ನಿರ್ಮಾಲ್ಯವನ್ನು ಹೂತೆವು.

“ಬದುಕ್ತದೆಯೇ?” ಎಂದೆ.

“ನಿಮ್ ಭಕ್ತಿ ಸ್ವಲ್ಪ ದೂರ ನಿಂತ್ರೆ ಬದುಕ್ತದೆ.”

ಆ ಬಿಲ್ವವೂ, ಅದನ್ನು ನನ್ನಿಂದ ಕಾಪಾಡಿದ ನಾಗಮ್ಮನೂ ದೀರ್ಘಾಯುಗಳಾಗಲಿ. ಪ್ರೀತಿಯಿಂದ ಅತಿಯಾಗಿ ಸುರಿಯುವ ನಮ್ಮೆಲ್ಲರಿಗೂ ಪರಮೇಶ್ವರನು ಸನ್ಮತಿಯನ್ನೀಯಲಿ.